ಗಾಳಿ ಸೋಕಿದ ಮಾತುಗಳು

ಹಿಂದಿನ ಸಂಚಿಕೆಯಲ್ಲಿ ‘ನಿಯಮಗಳನ್ನು ಗಾಳಿಗೆ ತೂರಿದರು’ ಎಂಬ ಪತ್ರಿಕೆಯ ವಾಕ್ಯವೊಂದನ್ನು ಉದಾಹರಣೆಗೆ ಕೊಟ್ಟಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದನ್ನೇ ಹಿಡಿದುಕೊಂಡು ಬಂದಿವೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ ಇಡೀ ಅಂಕಣವನ್ನು ಗಾಳಿಗೇ ಬಿಟ್ಟುಕೊಟ್ಟಿದ್ದೇನೆ. ಜಾಗದ ಸಲುವಾಗಿ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ‘ಗಾಳಿ ಬಂದಾಗ ತೂರಿಕೋ’ ಅನ್ನುವುದು ಬುದ್ಧಿಮಾತು. ‘ಕಾನೂನನ್ನು ಗಾಳಿಗೆ ತೂರಿದ’ ಅನ್ನುವುದು ಆಪಾದನೆ. ಗಾಳಿಯೂ ಅದೇ, ತೂರುವುದೂ ಅದೇ. ಅರ್ಥ ಮಾತ್ರ ಹೀಗೆ ಎದುರು ಬದುರು ಆದದ್ದು ಹೇಗೆ? ನಮ್ಮ ಮನೆಯ ಹುಡುಗರು ಗಾದೆಗೆ ‘ಸಂದು ಸಿಕ್ಕಾಗ ಒಳಗೆ ನುಗ್ಗಿಬಿಡು’ ಎಂದು ಅರ್ಥ ಹೇಳುತ್ತಾರೆ. ಅದು ಸರಿಯೇ? (ದಾವಣಗೆರೆಯ ಓದುಗರು)

ಉತ್ತರ: ಹುಡುಗರ ಅರ್ಥ ಸರಿಯಿಲ್ಲ. ಆದರೆ ಅವರು ಎಲ್ಲಿ ಎಡವಿದರು ಎಂಬುದು ಕಾಣುತ್ತದೆ. ‘ಜನರ ನಡುವೆ ತೂರಿಕೊಂಡು ಹೋದ’ ಎನ್ನುವಾಗ ತೂರಿಕೊಳ್ಳುವುದೆಂದರೆ ನುಸುಳುವುದು. ಕಾಳು ತೂರುವ ಕಣವನ್ನೇ ನೋಡದವರಿಗೆ ಆ ಒಂದು ತೂರಿಕೊಳ್ಳುವುದು ಮಾತ್ರ ಗೊತ್ತು.

ರಾಣೆಬೆನ್ನೂರಿನ ಕಡೆ ನಮ್ಮ ಹೊಲದಲ್ಲಿ ಜೋಳದ ರಾಶಿ ಮಾಡುವಾಗ ತೆನೆ ತುಳಿಸಿ ಮುಗಿದ ಮೇಲೆ ಕಣದ ನಡುವೆ ಕಾಳು, ಹೊಟ್ಟು, ದೂಳು ಎಲ್ಲ ಕಲೆತ ಗುಡ್ಡೆ ಉಳಿಯುತ್ತಿತ್ತು. ಅಪ್ಪ ಎತ್ತರದ ಮೆಟ್ಟಿನ ಮೇಲೆ ನಿಂತು, ಗಾಳಿಗೆ ಪಕ್ಕ ಕೊಟ್ಟು, ತುಂಬಿದ ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ, ಅದರ ತುದಿಯನ್ನಷ್ಟೇ ಅಲುಗಿಸುತ್ತ ಸುರಿಯುತ್ತಿದ್ದರು. ಗಟ್ಟಿಕಾಳು ನೆಟ್ಟಗೆ ಅವರ ಕಾಲಬುಡಕ್ಕೆ ಬೀಳುತ್ತಿತ್ತು. ಜೊಳ್ಳು ಅದರ ಅಂಚಿಗೆ, ಹೊಟ್ಟು ಒಂದು ಮಾರು ಆಚೆಗೆ, ದೂಳು ಕಣ ದಾಟಿ ಎಲ್ಲಿಗೋ. ಗಾಳಿ ನಿಂತರೆ ಮೊರವೂ ನಿಲ್ಲಬೇಕು. ಹಾಗೆ ನಿಂತ ಹೊತ್ತಿನಲ್ಲಿ ಯಾರೂ ಕಣ ಬಿಟ್ಟು ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಬೇವಿನ ಎಲೆ ಅಲುಗಿದರೆ ತುತ್ತು ಅಲ್ಲಿಗೇ ಬಿಟ್ಟು ಏಳುತ್ತಿದ್ದರು. ನಡುರಾತ್ರಿ ಗಾಳಿ ಎದ್ದರೆ ನಡುರಾತ್ರಿಯೇ ಕೆಲಸ. ಗಾದೆ ಹೇಳುವುದು ಈ ಎಚ್ಚರವನ್ನು. ಇಂದು ಅದನ್ನು ಅವಕಾಶವಾದಿಗಳ ಮೇಲೆ ಹೇರಿ ಹೇಳುವುದು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ನಿದ್ದೆಗೆಟ್ಟು ಗಾಳಿ ಕಾದವರ ಮಾತು ಅದು.

ಇನ್ನು ನೀವು ಕೇಳಿದ ಎದುರು ಬದುರಿನ ವಿಚಾರ. ‘ತೂರಿಕೋ’ ಎಂಬಲ್ಲಿ ‘ಕೊಳ್ಳು’ ಸೇರಿದೆ. ಮಾಡಿಕೊ, ಕಟ್ಟಿಕೊ, ಬರೆದುಕೊ ಎನ್ನುವಾಗಿನಂತೆ ಇಲ್ಲೂ ಕೆಲಸದ ಫಲ ಮಾಡಿದವರಿಗೇ ಸೇರುತ್ತದೆ. ತೂರಿಕೊಳ್ಳುವವರ ಕಣ್ಣು ಕಾಲಬುಡದ ಕಾಳಿನ ಮೇಲಿದೆ. ‘ಗಾಳಿಗೆ ತೂರಿದ’ ಎಂಬಲ್ಲಿ ಆ ‘ಕೊಳ್ಳು’ ಇಲ್ಲ. ಬದಲಿಗೆ ‘ಗಾಳಿಗೆ’ ಎಂಬ ಚತುರ್ಥಿ ಬಂದಿದೆ, ಅಂದರೆ ಕೊಟ್ಟದ್ದು ಗಾಳಿಗೆ. ಗಾಳಿಯ ಪಾಲಿಗೆ ಹೋಗುವುದು ಯಾವುದು? ಹೊಟ್ಟು. ಕಾನೂನನ್ನು ಗಾಳಿಗೆ ತೂರಿದವನು ಅದನ್ನು ಹೊಟ್ಟಿನ ಲೆಕ್ಕಕ್ಕೆ ಹಾಕಿದ ಎಂದಾಯಿತು.

ಗಾಳಿಯ ನುಡಿಗಟ್ಟು ಯಾವುದೇ ಬರಲಿ, ಮೊದಲು ಅದರ ಹಿಂದೆ ಬಂದ ವಿಭಕ್ತಿಯನ್ನೂ ಕ್ರಿಯಾಪದವನ್ನೂ ನೋಡಿ ಎಂದು ಪಾಠ ಹೇಳುತ್ತಿದ್ದಾಗ ಮಕ್ಕಳಿಗೆ ಹೇಳುತ್ತಿದ್ದೆ. ಬೆಂಕಿಗೆ ಗಾಳಿ ಹಾಕಿದರೆ ಜಗಳ ಹೆಚ್ಚಿಸಿದಂತೆ. ಗಾಳಿಗೆ ಗುದ್ದಿದರೆ ಮೈ ನೋವಷ್ಟೇ ಲಾಭ. ಗಾಳಿ ಬೀಸಿದ ಕಡೆ ವಾಲಿದರೆ ನಂಬಿಕೆಗೆ ದೂರ. ಕೆಳಗಿನ ಪತ್ರಗಳಿಗೂ ನನ್ನ ಉತ್ತರದ ದಾರಿ ಇದೇ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಬೆಳೆದವಳು. ಮಗುವಿಗೆ ಮೈ ಬಿಸಿಯಾಗಿ ರಚ್ಚೆ ಹಿಡಿದರೆ ನಮ್ಮತ್ತೆ ‘ಗಾಳಿ ಸೋಕಿದೆ’ ಅನ್ನುತ್ತಾರೆ. ತಣ್ಣನೆ ಗಾಳಿ ತಾಗಿದೆ ಎಂದೋ, ದೆವ್ವ ಎಂದೋ ತಿಳಿಯದೆ ಸುಮ್ಮನಾಗುತ್ತೇನೆ. ಏನಿದರ ಅರ್ಥ? (ತುಮಕೂರಿನ ಓದುಗರು)

ಉತ್ತರ: ಎರಡೂ ಅರ್ಥ ಬಳಕೆಯಲ್ಲಿದೆ, ತಾಯಿ. ನಿಮ್ಮತ್ತೆ ಯಾವುದನ್ನು ಹೇಳಿದರು ಎಂಬುದನ್ನು ಮುಂದಿನ ಮಾತು ತಿಳಿಸುತ್ತದೆ. ‘ಕಿವಿಗೆ ಬಟ್ಟೆ ಕಟ್ಟು’ ಅಂದರೆ ಅದು ಬೀಸುವ ಗಾಳಿ. ‘ದೃಷ್ಟಿ ತೆಗೆ, ತಾಯತ ಕಟ್ಟಿಸು’ ಅಂದರೆ ಇನ್ನೊಂದು. ಗಾಳಿ ಮೆಟ್ಟಿದೆ, ಗಾಳಿ ಹಿಡಿದಿದೆ, ಗಾಳಿ ಬಿಡಿಸಬೇಕು ಎಂಬ ಮಾತುಗಳಲ್ಲಿ ಮಾತ್ರ ಅನುಮಾನಕ್ಕೆ ಎಡೆಯಿಲ್ಲ, ಅಲ್ಲಿ ಗಾಳಿ ಎಂದರೆ ದೆವ್ವವೇ. ಕಣ್ಣಿಗೆ ಕಾಣದೆ ಬಂದು, ಮೈಗೆ ತಾಗಿ, ಮನುಷ್ಯನ ನಡೆಯನ್ನೇ ಬದಲಿಸುವುದಕ್ಕೆ ಹಿರಿಯರಿಗೆ ಇದಕ್ಕಿಂತ ಹತ್ತಿರದ ಹೆಸರು ಸಿಗಲಿಲ್ಲ.

ಆದರೆ ಈ ‘ಸೋಕು’ ಎಂಬ ಕ್ರಿಯಾಪದದ ಚರಿತ್ರೆ ನೋಡಿ. ಹಳಗನ್ನಡದಲ್ಲಿ ಅದು ‘ಸೋಂಕು’. 10ನೆಯ ಶತಮಾನದ ಪಂಪ ಬನವಾಸಿಯನ್ನು ನೆನೆಯುವ ಪ್ರಸಿದ್ಧ ಪದ್ಯ ‘ತೆಂಕಣ ಗಾಳಿ ಸೋಂಕಿದೊಡಂ’ ಎಂದೇ ಶುರುವಾಗುತ್ತದೆ. ಅಲ್ಲಿ ಗಾಳಿ ಸೋಕುವುದು ಒಂದು ಸುಖ, ಊರನ್ನು ನೆನಪಿಗೆ ತರುವ ಸ್ಪರ್ಶ. ಅದೇ ಮಾತು ನಿಮ್ಮತ್ತೆಯ ಬಾಯಲ್ಲಿ ಭಯವಾಗಿದೆ. ‘ಹುಡುಗನಿಗೆ ಪಟ್ಟಣದ ಗಾಳಿ ಸೋಕಿದೆ’ ಎನ್ನುವಾಗ ಸುಖವೂ ಇಲ್ಲ, ದೆವ್ವವೂ ಇಲ್ಲ. ಸಹವಾಸದ ಪ್ರಭಾವ ಅಷ್ಟೇ, ಅದರಲ್ಲಿ ಸ್ವಲ್ಪ ದೂರು ಬೆರೆತಿರುತ್ತದೆ. ಇನ್ನು 2020ರಲ್ಲಿ ಕೊರೊನಾ ಬಂದಾಗ ಈ ನಾಡಿನ ಪ್ರತಿಯೊಬ್ಬರ ಬಾಯಿಗೂ ಬಂದ ಪದ ‘ಸೋಂಕು’. ಅನುಸ್ವಾರ ಉಳಿಸಿಕೊಂಡ ಆ ಹಳೆಯ ರೂಪ ರೋಗ ತಗಲುವುದಕ್ಕೇ ಹೆಸರಾಗಿ ನಿಂತಿತು. ಕನ್ನಡದ ಆ ಪದಕ್ಕೆ ಸಂಸ್ಕೃತದ ‘ಇತ’ ಪ್ರತ್ಯಯ ಹಚ್ಚಿ ‘ಸೋಂಕಿತ’ ಎಂದೂ ಬಳಸಿದೆವು. ವ್ಯಾಕರಣದ ಕಟ್ಟುನಿಟ್ಟಿನವರು ಮೂಗು ಮುರಿದರೂ ನನಗೆ ಅದು ಬೇಕಾದ ಪದವೇ. ‘ರೋಗಿ’ ಎಂದುಬಿಟ್ಟರೆ ರೋಗದ ಲಕ್ಷಣವೇ ಇಲ್ಲದೆ ವೈರಾಣು ಹೊತ್ತವರನ್ನು ಹೇಳಲು ಬರುತ್ತಿರಲಿಲ್ಲ.

ಗಾಳಿಯ ಮೂಲಕ ಹರಡುವ ರೋಗಗಳು ನಿಜವಾಗಿಯೂ ಇವೆ. ಕ್ಷಯ, ದಡಾರ ಎರಡೂ ಹಾಗೆ ಹರಡುತ್ತವೆ. ಆದ್ದರಿಂದ ನಿಮ್ಮತ್ತೆಯ ಮಾತನ್ನು ಮೌಢ್ಯವೆಂದು ಪಕ್ಕಕ್ಕೆ ತಳ್ಳಬೇಡಿ. ‘ಕಾರಣ ಕಾಣುತ್ತಿಲ್ಲ, ನನಗೆ ಹೆದರಿಕೆಯಾಗಿದೆ’ ಎಂಬುದನ್ನು ಅವರು ತಮಗೆ ಗೊತ್ತಿರುವ ಪದದಲ್ಲಿ ಹೇಳುತ್ತಿದ್ದಾರೆ. ದೃಷ್ಟಿ ತೆಗೆಯುವುದಾದರೆ ತೆಗೆಯಲಿ. ಆದರೆ ಅದಕ್ಕಾಗಿ ವೈದ್ಯರ ಬಳಿ ಹೋಗುವುದು ತಡವಾಗಬಾರದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರಂತೂ ಒಂದು ಗಳಿಗೆಯೂ ಕಾಯಬಾರದು. ಇದನ್ನು ಭಾಷೆಯ ಅಂಕಣದಲ್ಲಿ ಬರೆಯುವುದು ಸಲ್ಲದು ಎನ್ನುವವರಿದ್ದರೆ ಅನ್ನಲಿ, ನನಗೆ ಬರೆಯದೆ ಇರಲಾಗದು.

ಪ್ರಶ್ನೆ: ‘ತೆಂಕಗಾಳಿ’ ಎಂದರೆ ತೆಂಕಣಕ್ಕೆ ಬೀಸುವ ಗಾಳಿಯೋ, ತೆಂಕಣದಿಂದ ಬರುವ ಗಾಳಿಯೋ? (ಶಿರಸಿಯ ಓದುಗರು)

ಉತ್ತರ: ದಕ್ಷಿಣದಿಂದ ಬರುವ ಗಾಳಿ. ಮೂಡಗಾಳಿ, ಪಡುಗಾಳಿ, ನೈಋತ್ಯ ಮಾರುತ ಎಲ್ಲಕ್ಕೂ ಹುಟ್ಟಿದ ದಿಕ್ಕಿನ ಹೆಸರೇ. ಎಲ್ಲಿಂದ ಬಂತು ಎಂಬುದನ್ನು ಮುಖ ತಿರುಗಿಸಿ ನಿಂತರೆ ತಿಳಿಯಬಹುದು. ಎಲ್ಲಿಗೆ ಹೋಯಿತು ಎಂದು ಯಾರು ಕಂಡವರು?

ಪ್ರಶ್ನೆ: ಈ ಬೇಸಿಗೆಯಲ್ಲಿ ‘ಬಿಸಿಗಾಳಿ ಎಚ್ಚರಿಕೆ’ ಎಂದು ಸುದ್ದಿ ಬಂದ ದಿನ ನಮ್ಮೂರಲ್ಲಿ ಎಲೆಯೂ ಅಲುಗಲಿಲ್ಲ. ಗಾಳಿಯೇ ಇಲ್ಲ ಎಂದು ನಮ್ಮವರು ಹೊಲಕ್ಕೆ ಹೋಗಿ ಮಧ್ಯಾಹ್ನ ತಲೆ ಸುತ್ತಿ ಬಿದ್ದರು. ಸುದ್ದಿ ತಪ್ಪೇ? (ರಾಯಚೂರಿನ ಓದುಗರು)

ಉತ್ತರ: ನಿಮ್ಮವರು ಚೇತರಿಸಿಕೊಂಡಿದ್ದಾರೆ ಎಂದುಕೊಳ್ಳುತ್ತೇನೆ. ಸುದ್ದಿಯ ವಿಷಯ ಸರಿ ಇತ್ತು, ಪದ ಕೈಕೊಟ್ಟಿತು. ಈ ಎಚ್ಚರಿಕೆಗೂ ಗಾಳಿ ಬೀಸುವುದಕ್ಕೂ ಸಂಬಂಧವಿಲ್ಲ, ಅದರ ಲೆಕ್ಕವೆಲ್ಲ ತಾಪಮಾನದ್ದು. ಭಾರತೀಯ ಹವಾಮಾನ ಇಲಾಖೆ ಇಟ್ಟುಕೊಂಡಿರುವ ಅಳತೆಯ ಪ್ರಕಾರ ಬಯಲುಸೀಮೆಯಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಮುಟ್ಟಿರಬೇಕು. ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಬಯಲಿನಲ್ಲಿ 45 ಮುಟ್ಟಿದರೆ ವಾಡಿಕೆಯ ಲೆಕ್ಕವನ್ನೂ ನೋಡುವುದಿಲ್ಲ.

ಉತ್ತರ ಭಾರತದ ಬಯಲಿನಲ್ಲಿ ಬೇಸಿಗೆಗೆ ‘ಲೂ’ ಎಂಬ ಸುಡುವ ಒಣಗಾಳಿ ನಿಜವಾಗಿಯೇ ಬೀಸುತ್ತದೆ. ಅಲ್ಲಿಗೆ ‘ಬಿಸಿಗಾಳಿ’ ಒಪ್ಪುವ ಪದ. ನಮ್ಮಲ್ಲಿ ಬಿಸಿಲು ಏರಿದ ದಿನ ಬಹಳ ಸಲ ಗಾಳಿ ನಿಂತೇ ಇರುತ್ತದೆ. ಗಾಳಿ ನಿಂತು, ಮೇಲೆ ತೇವವೂ ತುಂಬಿದ್ದರೆ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಎಂದರೆ ನಿಮ್ಮವರು ಯಾವುದನ್ನು ನೋಡಿ ಅಪಾಯವಿಲ್ಲ ಎಂದುಕೊಂಡರೋ ಅದೇ ಅಪಾಯವನ್ನು ಹೆಚ್ಚಿಸುವಂಥದು. ‘ಶಾಖದ ಅಲೆ’ ಎಂದೂ ಕೆಲವರು ಬರೆಯುತ್ತಾರೆ. ಅದು ಇಂಗ್ಲಿಷಿನ ನೆರಳು, ಹೊಲದಲ್ಲಿರುವವರ ಕಿವಿಗೆ ಏನೂ ಹೇಳುವುದಿಲ್ಲ. ಸುದ್ದಿಮನೆಯವರಲ್ಲಿ ನನ್ನ ಬೇಡಿಕೆ ಇಷ್ಟೇ. ‘ವಿಪರೀತ ಬಿಸಿಲು, ಮಧ್ಯಾಹ್ನ ಹೊರಗೆ ದುಡಿಯಬೇಡಿ’ ಎಂದು ಬಿಡಿಸಿ ಬರೆಯಿರಿ. ಜೀವದ ಪ್ರಶ್ನೆ ಬಂದಾಗ ಒಂದು ಪದದಲ್ಲಿ ಮುಗಿಸುವ ಹಟ ಬೇಡ.

ಪ್ರಶ್ನೆ: ಬಿರುಗಾಳಿ, ಸುಂಟರಗಾಳಿ, ಚಂಡಮಾರುತ ಇವುಗಳನ್ನು ಒಂದರ ಬದಲು ಒಂದು ಬಳಸಬಹುದೇ? (ಕುಂದಾಪುರದ ಓದುಗರು)

ಉತ್ತರ: ಕಥೆಯಲ್ಲಿ ಬಳಸಿದರೆ ನಡೆದೀತು, ವರದಿಯಲ್ಲಿ ಬಳಸಬಾರದು. ಬಿರುಗಾಳಿ ಎಂದರೆ ಬಿರುಸಿನ ಗಾಳಿ, ಅಷ್ಟೇ. ಅದು ಸುತ್ತಬೇಕಾಗಿಲ್ಲ. ಸುಂಟರಗಾಳಿ ಸುತ್ತಲೇಬೇಕು. ಕಾದ ನೆಲದಿಂದ ಬಿಸಿಯಾದ ಗಾಳಿ ಮೇಲೇಳುತ್ತ ತಿರುಗಿ, ತರಗೆಲೆ ದೂಳು ಎತ್ತಿಕೊಂಡು ಹೊಲದ ಬದುವಿನ ಮೇಲೆ ಹಾದುಹೋಗುವ ಕಂಬವನ್ನು ನಾವು ಹಾಗೆ ಕರೆಯುತ್ತೇವೆ. ಅದು ಎಡಕ್ಕೂ ತಿರುಗಬಹುದು, ಬಲಕ್ಕೂ ತಿರುಗಬಹುದು. ಚಂಡಮಾರುತಕ್ಕೆ ಆ ಸ್ವಾತಂತ್ರ್ಯವಿಲ್ಲ. ಭೂಮಿಯ ತಿರುಗುವಿಕೆಯ ಕಾರಣದಿಂದ ಉತ್ತರ ಗೋಳಾರ್ಧದಲ್ಲಿ ಅದು ಗಡಿಯಾರದ ಮುಳ್ಳಿಗೆ ಎದುರಾಗಿಯೇ ಸುತ್ತುತ್ತದೆ. ಅದಕ್ಕೆ ವೇಗದ ಕಟ್ಟಳೆಯೂ ಇದೆ. ಗಂಟೆಗೆ 31ರಿಂದ 49 ಕಿಲೋಮೀಟರ್ ಇದ್ದರೆ ವಾಯುಭಾರ ಕುಸಿತ, 50ರಿಂದ 61 ಆದರೆ ತೀವ್ರ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ. ಆಗಲೇ ಅದಕ್ಕೊಂದು ಹೆಸರು ಸಿಗುವುದು. 2021ರ ಮೇ ತಿಂಗಳಲ್ಲಿ ನಿಮ್ಮ ಕರಾವಳಿಯನ್ನು ಬಡಿದು ಗುಜರಾತಿನ ಕಡೆ ಹೋದ ‘ತೌಕ್ತೆ’ ನಿಮಗೆ ನೆನಪಿರಬೇಕು.

ಯಂತ್ರವಿಲ್ಲದೆ ಗಾಳಿಯನ್ನು ಅಳೆಯುವುದು ಹೇಗೆ ಎಂದೂ ನೀವು ಕೇಳಿದ್ದೀರಿ. 1805ರಲ್ಲಿ ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫರ್ಟ್ ಎಂಬ ಅಧಿಕಾರಿ, ಹಡಗಿನ ಹಾಯಿಯ ಮೇಲೆ ಗಾಳಿ ಏನು ಮಾಡುತ್ತದೆ ಎಂಬುದನ್ನೇ ಅಳತೆಗೋಲಾಗಿಸಿ ಸೊನ್ನೆಯಿಂದ 12ರವರೆಗೆ ಮೆಟ್ಟಿಲು ಕಟ್ಟಿದ. ಮುಂದೆ ಅದಕ್ಕೆ ನೆಲದ ಗುರುತುಗಳೂ ಸೇರಿದವು. ಹೊಗೆ ನೆಟ್ಟಗೆ ಮೇಲೇರಿದರೆ ಸೊನ್ನೆ. ಮುಖಕ್ಕೆ ಗಾಳಿ ತಿಳಿದು ಎಲೆ ಸರಸರ ಎಂದರೆ 2. ಕೊಡೆ ಹಿಡಿಯುವುದು ಕಷ್ಟವಾದರೆ 6. ಮರದ ಚಿಕ್ಕ ರೆಂಬೆಗಳು ಮುರಿದರೆ 8. ನಮ್ಮ ಮೀನುಗಾರರೂ ರೈತರೂ ‘ಎಲೆ ಅಲುಗದು’, ‘ಕೊಡೆ ಹಿಡಿಯಲಾಗದ ಗಾಳಿ’ ಎಂದು ಹೇಳಿಕೊಂಡು ಬಂದದ್ದೂ ಇದೇ ಬಗೆಯ ಅಳತೆ. ಮಕ್ಕಳಿಗೆ ಕಲಿಸುವವರು ಈ ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಬೇಕು ಎಂದು ನನ್ನ ಆಸೆ.

ಪ್ರಶ್ನೆ: ತಿರುಮಲೆಗೆ ಮೆಟ್ಟಿಲು ಹತ್ತುವಾಗ ‘ಗಾಳಿಗೋಪುರ’ ಸಿಕ್ಕಿತು. ಕಲ್ಲಿನಲ್ಲಿ ಕಟ್ಟಿದ ಗೋಪುರಕ್ಕೆ ಹಗಲುಗನಸಿನ ಹೆಸರೇಕೆ? (ಕೋಲಾರದ ಓದುಗರು)

ಉತ್ತರ: ತೆಲುಗಿನಲ್ಲಿ ಗಾಳಿಗೆ ‘ಗಾಲಿ’ ಎನ್ನುತ್ತಾರೆ, ದೇವಸ್ಥಾನದ ಎತ್ತರದ ಬಾಗಿಲಗೋಪುರಕ್ಕೆ ‘ಗಾಲಿಗೋಪುರಂ’. ಗಾಳಿಗೆ ಮೈಯೊಡ್ಡಿ ನಿಂತ ಎತ್ತರ ಅದು. ಹಾಗಾಗಿ ನೀವು ಕಂಡದ್ದು ಆ ಭಾಷೆಯಲ್ಲಿ ಮಾಮೂಲಿ ಹೆಸರು. ಕನ್ನಡದಲ್ಲಿ ಇಂದು ಆ ಪದ ಅಡಿಪಾಯವಿಲ್ಲದ ಕನಸಿಗೇ ಮೀಸಲಾಗಿದೆ. ಇಲ್ಲಿ ಗಾಳಿಯ ಮೇಲೆಯೇ ಕಟ್ಟಿದ ಗೋಪುರ, ಅಲ್ಲಿ ಗಾಳಿಯವರೆಗೆ ಮುಟ್ಟಿದ ಗೋಪುರ. ತಿರುಪತಿಗೆ ಹತ್ತಿರದ ಶ್ರೀಕಾಳಹಸ್ತಿಯಲ್ಲಿರುವುದು ಪಂಚಭೂತ ಲಿಂಗಗಳಲ್ಲಿ ವಾಯುಲಿಂಗ. ಅಲ್ಲಿ 1516ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ ಗೋಪುರ 2010ರಲ್ಲಿ ಕುಸಿದು ಬಿತ್ತು, ಆಮೇಲೆ ಹೊಸದನ್ನು ಕಟ್ಟಿದರು.

ಪ್ರಶ್ನೆ: ‘ಹಿಟ್ಟು ಗಾಳಿಸು’ ಎನ್ನುತ್ತಾರಲ್ಲ, ಅದು ಗಾಳಿಯಿಂದ ಬಂದ ಪದವೇ? ಬಂಡಿಯ ಗಾಲಿ? (ಬಳ್ಳಾರಿಯ ಓದುಗರು)

ಉತ್ತರ: ಎರಡೂ ಅಲ್ಲ. ಗಾಳಿಸುವುದು ಎಂದರೆ ಸೋಸುವುದು. ಅದು ಸಂಸ್ಕೃತದ ‘ಗಾಲನ’ದ ಕಡೆಯದು. ಆಯುರ್ವೇದದಲ್ಲಿ ಬಟ್ಟೆಯಲ್ಲಿ ಸೋಸಿದ ಪುಡಿಗೆ ‘ವಸ್ತ್ರಗಾಳಿತ’ ಎನ್ನುವುದೂ ಅದೇ. ಗಾಲಿ ಚಕ್ರ. ಬರೆಯುವಾಗ ಲಕಾರ ಳಕಾರ ಬದಲಾದರೆ ಬೀಸಬೇಕಾದದ್ದು ಉರುಳುತ್ತದೆ, ನಿಮ್ಮ ಸೀಮೆಯಲ್ಲಿ ತೆಲುಗಿನ ಒಡನಾಟ ಹೆಚ್ಚಾದ್ದರಿಂದ ಸ್ವಲ್ಪ ಹೆಚ್ಚು ಎಚ್ಚರ ಬೇಕು.

ಪ್ರಶ್ನೆ: ಗಾಳಿಮಾತಿಗೂ ಸುಳ್ಳಿಗೂ ಏನು ವ್ಯತ್ಯಾಸ? (ಮಂಡ್ಯದ ಓದುಗರು)

ಉತ್ತರ: ಸುಳ್ಳಿಗೆ ಹೇಳಿದವರಿದ್ದಾರೆ. ಗಾಳಿಮಾತಿಗೆ ಹೇಳಿದವರು ಯಾರೆಂದು ಗೊತ್ತಿಲ್ಲ. ಅದು ನಿಜವೂ ಆಗಿರಬಹುದು. ಸಂಸ್ಕೃತದ ‘ವದಂತಿ’ಯ ಮೂಲಾರ್ಥವೂ ‘ಹೇಳುತ್ತಾರೆ’ ಎಂದೇ. ಯಾರು ಹೇಳುತ್ತಾರೆ ಎಂಬುದು ಅಲ್ಲೂ ಇಲ್ಲ. ‘ಅದು ಗಾಳಿಮಾತು’ ಎಂದು ಅಧಿಕಾರಿಯೊಬ್ಬರು ಹೇಳಿದ ಮಾತ್ರಕ್ಕೆ ‘ಸುಳ್ಳು ಎಂದರು’ ಎಂದು ಪತ್ರಿಕೆಯಲ್ಲಿ ತಿದ್ದಬಾರದು.

ಪ್ರಶ್ನೆ: ಸಂಗೀತದ ಗಂಧಗಾಳಿ ಇಲ್ಲದವರು ಎನ್ನುತ್ತೇವೆ. ಇಲ್ಲಿ ಗಂಧಕ್ಕೂ ಗಾಳಿಗೂ ಏನು ನಂಟು? (ಮೈಸೂರಿನ ಓದುಗರು)

ಉತ್ತರ: ಮಲ್ಲಿಗೆ ಕಣ್ಣಿಗೆ ಕಾಣದಿದ್ದರೂ ಗಾಳಿ ಅದರ ಗಂಧ ತಂದು ಮುಟ್ಟಿಸುತ್ತದೆ. ಆ ವಿಷಯದ ಹೂವಿರಲಿ, ಅದರ ಮೇಲೆ ಹಾದುಬಂದ ಗಾಳಿಯೂ ತಾಗಿಲ್ಲ ಎನ್ನುವುದು ಈ ಮಾತಿನ ಹುರುಳು. ಬಹಳ ದಿನದ ಮೇಲೆ ಮನೆಗೆ ಬಂದವರನ್ನು ‘ಯಾವ ಗಾಳಿ ಬೀಸ್ತು ಇವತ್ತು?’ ಎಂದು ಕೇಳುತ್ತೇವಲ್ಲ, ಅಲ್ಲಿ ಅದೇ ಗಾಳಿ ಗಂಧದ ಬದಲು ಮನುಷ್ಯರನ್ನು ಹೊತ್ತು ತಂದಿದೆ. ನನಗೆ ಇವೆರಡೂ ಬಹಳ ಪ್ರೀತಿಯ ಮಾತುಗಳು.

ಪ್ರಶ್ನೆ: ನಾನು ಏಳನೇ ತರಗತಿ. ಗಾಳಿ, ವಾಯು, ಹವಾ ಎಲ್ಲ ಒಂದೇ ಆದರೆ ಪರೀಕ್ಷೆಯಲ್ಲಿ ಯಾವುದು ಬರೆಯಬೇಕು? ಬೀಸದೆ ಇರುವಾಗಲೂ ಅದಕ್ಕೆ ಗಾಳಿ ಅನ್ನಬಹುದಾ? (ಗದಗಿನ ವಿದ್ಯಾರ್ಥಿನಿ)

ಉತ್ತರ: ಜಾಣ ಪ್ರಶ್ನೆ ಕೇಳಿದ್ದೀಯ, ಮರಿ. ಅನ್ನಬಹುದು. ಕನ್ನಡದಲ್ಲಿ ನಿಂತದ್ದಕ್ಕೂ ಬೀಸುವುದಕ್ಕೂ ಗಾಳಿ ಎಂಬ ಒಂದೇ ಹೆಸರು. ‘ಬಲೂನಿನಲ್ಲಿ ಗಾಳಿ ಇದೆ’ ಎಂದರೆ ನಿಂತ ಗಾಳಿ. ‘ಗಾಳಿ ಬಿಟ್ಟೈತಿ’ ಎಂದು ನಿಮ್ಮ ಕಡೆ ಹೇಳಿದರೆ ಬೀಸುವ ಗಾಳಿ. ಸೈಕಲ್ ಅಂಗಡಿಯವರು ‘ಹವಾ ಹಾಕ್ತೀನಿ’ ಅನ್ನುತ್ತಾರಲ್ಲ, ಆ ಹವಾ ಅರಬ್ಬಿಯಿಂದ ಉರ್ದು, ಮರಾಠಿಗಳ ಮೂಲಕ ಬಂದದ್ದು. ಅದಕ್ಕೆ ಸಂಸ್ಕೃತದ ‘ಮಾನ’ ಕೂಡಿ ನಿನ್ನ ಪುಸ್ತಕದ ‘ಹವಾಮಾನ’ ಆಯಿತು. ವಾಯು ಸಂಸ್ಕೃತದ ಪದ, ಬೇರೆ ಸಂಸ್ಕೃತ ಪದಗಳ ಜೊತೆ ಸಮಾಸಕ್ಕೆ ಒಗ್ಗುತ್ತದೆ. ವಾಯುಮಂಡಲ, ವಾಯುಮಾಲಿನ್ಯ, ವಾಯುಭಾರ ಎಂದು ಬರೆ. ವಿಜ್ಞಾನದ ಪರೀಕ್ಷೆಯಲ್ಲಿ ‘ಚಲಿಸುವ ಗಾಳಿಗೆ ಏನೆನ್ನುತ್ತಾರೆ?’ ಎಂದು ಕೇಳಿದರೆ ‘ಮಾರುತ’ ಎಂದು ಬರೆ. ಗಾಳಿಯಲ್ಲಿ ಏನಿದೆ ಎಂದು ಕೇಳಿದರೆ ಸಾರಜನಕ ಸುಮಾರು 78 ಭಾಗ, ಆಮ್ಲಜನಕ ಸುಮಾರು 21 ಭಾಗ, ಉಳಿದವು ಅಲ್ಪಸ್ವಲ್ಪ. ಕನ್ನಡದ ಪತ್ರಿಕೆಯಲ್ಲಾದರೆ ನಿನಗೆ ಮನೆಯಲ್ಲಿ ಬರುವ ಪದವನ್ನೇ ಧೈರ್ಯವಾಗಿ ಬರೆ, ಅಂಕ ಕಳೆದರೆ ಆ ಉತ್ತರಪತ್ರಿಕೆಯ ಪ್ರತಿಯನ್ನು ನನಗೆ ಕಳಿಸು.